ಸಾಮೋಸಿನ ನಿಂಬೆ ಮರ

ಮಾರ್ಚ್ ೯, ಶನಿವಾರ.

ಇಪ್ಪತ್ತೆಂಟು ವರ್ಷಗಳ ಮೇಲೆ ಗೆಳತಿಯರು ಮೂವರೂ, ಸಿರ್ಕಾ, ಹೆಲ್ವಿ ಮತ್ತು ನಾನು, ಮತ್ತೆ ಗ್ರೀಸಿನ ಸಾಮೋಸ್ ದ್ವೀಪಕ್ಕೆ ಹೋಗೋಣವೆಂದು ಇವತ್ತು ಸಿರ್ಕಾಳ ಮನೆಯ ಸೌನಾದಲ್ಲಿ, ಆ ಹಬೆಸ್ನಾನದ ಕೋಣೆಯಲ್ಲಿ, ಕೂತು ಮಾತಾಡುತ್ತಿದ್ದೆವು. ಆಗ ಉಳಿದುಕೊಂಡಿದ್ದ ಮನೆಯೇ ಬೇಕು, ಅಂಗಳದಲ್ಲಿ ನಿಂಬೆ ಮರವಿತ್ತಲ್ಲ, ಅದೇ ಎಂದೆ.

"ಅದನ್ನ ಕಡಿದುಬಿಟ್ಟಿದಾರೆ ಕಣೇ," ಎಂದಳು ಸಿರ್ಕಾ. ಹೆಲ್ವಿ ಮೊಣಕೈಯಿಂದ ಅವಳನ್ನು ತಿವಿದಳು.

"ಯಾವಾಗ ಹೋಗಿದ್ರಿ?" ಎಂದೆ.

"ಹೋದ್ ವರ್ಷ," ಎಂದಳು ಸಿರ್ಕಾ. "ನಿನ್ ಗಂಡ ಆಗಷ್ಟೇ ತೀರ್ಕೊಂಡಿದ್ದ, ಹೆಂಗೇ ಕರೆಯೋದು?"

ಕರೆದಿದ್ದರೆ ಬೇಡ ಎನ್ನುತ್ತಿದ್ದೆ, ನಿಜ. ಆದರೂ ಕರೆಯಬೇಕಿತ್ತು. ವರ್ಷವಿಡೀ ಬಚ್ಚಿಟ್ಟರಲ್ಲ!

ಸೌನಾದೊಳಗೆ ಜಗಳವಾಡಬಾರದೆಂದು ಅಮ್ಮ ಕಲಿಸಿದ್ದಾಳೆ. ಅದಕ್ಕೇ ಕಾದ ಕಲ್ಲಿನ ಮೇಲೆ ಸೌಟುಗಟ್ಟಲೆ ನೀರು ಸುರಿದೆ. ಹಬೆ ತಡೆಯಲಾರದೆ ಇಬ್ಬರೂ ಹೊರಗೋಡಿದರು.

"ವಿಮಾನದಲ್ಲಿ ಕಿಟಕಿ ಸೀಟು ನಿಂಗೇ ಕಣೇ!" ಬಾಗಿಲಾಚೆಯಿಂದ ಹೆಲ್ವಿ ಕೂಗಿದಳು.

ಬಿಟ್ಟುಕೊಡದೆ ಏನು? ಅವರಿಗೆ ಆ ಕಡಲು ನೋಡಿ ಆಗಿದೆಯಲ್ಲ.