ನಾಲ್ಕು ಸಾಲಿಗೆ ಜಾಗ

ತೂಬಿನಕಟ್ಟಿ
2294ನೇ ಇಸವಿ, ಫೆಬ್ರುವರಿ 30

ಕಿರಿಯ ಇಂಜಿನಿಯರ್ ಚನ್ನವೀರ ಹಡಗಲಿ ಸಾಹೇಬರಿಗೆ, ತೂಕದ ಗುರುಬಸವ್ವನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದ ಕ್ಯಾಲೆಂಡರ್ ಪ್ರೋಗ್ರಾಂ ತೆರೆದರೆ ಊರಿನ ಮಿಕ್ಕ ಕೆಲಸವೆಲ್ಲ ನಿಲ್ಲುತ್ತಿತ್ತಂತೆ. ಅದಕ್ಕೇ ನಮ್ಮ ಹಿರಿಯರು ಅದನ್ನು ಮುಚ್ಚಿಸಿ, ಎಲ್ಲ ತಿಂಗಳಿಗೂ ಮೂವತ್ತು ದಿನವೆಂದು ಗೋಡೆಯ ಮೇಲೆ ಗೆರೆ ಎಳೆಯತೊಡಗಿದರು. ನನ್ನ ಬರವಣಿಗೆಯಲ್ಲೂ ನಿಮಗೆ ವಿಚಿತ್ರವೆನಿಸುವ ಶಬ್ದಗಳು ಬಂದಾವು. ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ, ಕ್ಷಮಿಸಿ. ಉಳಿದದ್ದಕ್ಕೆ ಕ್ಷಮೆ ಕೇಳಬೇಕಾದವಳು ನಾನೊಬ್ಬಳೇ ಅಲ್ಲ.

ನೀವು ಮೆಮೊರಿ ಎನ್ನುತ್ತಿದ್ದುದನ್ನು ನಾವು ಕಣ ಎನ್ನುತ್ತೇವೆ. ನಿಮ್ಮ ಡಿಸ್ಕು ನಮಗೆ ಉಗ್ರಾಣ. ಉಗ್ರಾಣದಲ್ಲಿ ಎಷ್ಟು ಚೀಲವಿದ್ದರೇನು, ಹರವಿಕೊಂಡು ಕೆಲಸ ಮಾಡಲು ಕಣ ಬೇಕಲ್ಲ. ಮೆಮೊರಿ ಮಾಡುವ ಕಾರ್ಖಾನೆಗಳು ನಿಂತು ನೂರೈವತ್ತು ವರ್ಷವಾಯಿತು. ಈಗ ಊರಿಗೆಲ್ಲ ಇರುವುದು ನಿಮ್ಮ ಕಚೇರಿಯಿಂದ ಉಳಿದುಬಂದ ಒಂದೇ ಕಂಪ್ಯೂಟರ್, ಅದರಲ್ಲಿ ಹದಿನಾರು ಗಿಗಾಬೈಟ್ ಕಣ. ಬೀಜದ ಪಟ್ಟಿ, ಸೂಲಗಿತ್ತಿಯ ದಾಖಲೆ, ಮಗ್ಗದ ವಿನ್ಯಾಸ, ಮೂರು ಕೇರಿಯ ನೀರಿನ ಸರದಿ, ಹೀಗೆ ನಾವೇ ಬರೆದುಕೊಂಡ ಪ್ರೋಗ್ರಾಂಗಳೆಲ್ಲ ಸೇರಿದರೂ ಒಂದು ಗಿಗಾಬೈಟ್ ತುಂಬುವುದಿಲ್ಲ. ಹೊಸದನ್ನು ತಂದವರು ಮೊದಲು ನನ್ನ ಬಳಿ ತೂಗಿಸಬೇಕು. ತೂಕದವಳೆಂಬ ಹೆಸರು ಬಂದದ್ದು ಹಾಗೆ. ಅಕ್ಷರ ದಪ್ಪ ಕಾಣಲೆಂದು ನಾಲ್ಕು ಮೆಗಾಬೈಟ್ ಹೆಚ್ಚು ಕೇಳಿದ ಮಗ್ಗದ ಬಸಲಿಂಗಪ್ಪನನ್ನು ಎರಡು ಸಲ ವಾಪಸ್ ಕಳಿಸಿದ್ದೇನೆ. ಅವನು ಹಬ್ಬದಲ್ಲೂ ನನ್ನನ್ನು ಮಾತಾಡಿಸಲಿಲ್ಲ.

ನಿಮ್ಮ ಪ್ರೋಗ್ರಾಂಗಳ ಠೀವಿಯೇ ಬೇರೆ. ಕಿಟಕಿಗಳಿಗೆ ನೆರಳು, ಮೂಲೆಗಳಿಗೆ ದುಂಡು, ಹಿಂದೆ ಅಲುಗಾಡುವ ಸಮುದ್ರ. ಇಷ್ಟಕ್ಕೇ ನಾಲ್ಕು ಗಿಗಾಬೈಟ್ ಹೋಯಿತು. ಗದಗ ಸೀಮೆಯ ಕಚೇರಿಯಲ್ಲಿ ಕೂತವರಿಗೆ ಸಮುದ್ರ ಯಾಕೆ ಬೇಕಿತ್ತೋ. ಟಿಪ್ಪಣಿ ಬರೆಯುವ ಪ್ರೋಗ್ರಾಂ ಹೊಟ್ಟೆಯಲ್ಲಿ ಒಂದು ಇಡೀ ಬ್ರೌಸರ್ ಇಟ್ಟುಕೊಂಡಿದೆ. ಹರಟೆಯದು ಇನ್ನೊಂದು, ಹಾಡಿನದು ಮತ್ತೊಂದು. ಯಾರೂ ಕರೆಯದಿದ್ದರೂ ಎದ್ದು ಬಂದು ಪಂಕ್ತಿಯಲ್ಲಿ ಕೂರುತ್ತವೆ. ಕಣ ತುಂಬಿತೆಂದರೆ ಯಂತ್ರ ತಾನೇ ಕಸಬರಿಗೆ ಹಿಡಿಯುತ್ತದೆ. ಹೆಚ್ಚು ಜಾಗ ಹಿಡಿದದ್ದನ್ನು, ಒಳಗೆ ಏನಿದೆಯೆಂದು ನೋಡದೆ ಗುಡಿಸಿ ಹಾಕುತ್ತದೆ.

ಕಳೆದ ಹಿಂಗಾರಿನಲ್ಲಿ ಮೂರು ತಲೆಮಾರಿನ ನಂತರ ನಮ್ಮ ಕೆರೆ ತುಂಬಿತು. ಏರಿ ಜಿನುಗತೊಡಗಿತು. ತೂಬು ತೆರೆಯದಿದ್ದರೆ ಕೆಳಗಿನ ನೇಕಾರ ಓಣಿ ಕೊಚ್ಚಿಹೋಗುತ್ತಿತ್ತು. ತೂಬಿನ ಬಾವಿಯ ತಳದಲ್ಲಿ ಎರಡು ಕಬ್ಬಿಣದ ಚಕ್ರಗಳಿವೆ. ಯಾವುದನ್ನು ಮೊದಲು ತಿರುವಬೇಕೆಂದು ಬಲ್ಲವರು ಯಾರೂ ಬದುಕಿರಲಿಲ್ಲ. ಆದರೆ ಉಗ್ರಾಣದ ಪಟ್ಟಿಯಲ್ಲಿ ನಿಮ್ಮ ಟಿಪ್ಪಣಿಯ ಹೆಸರಿತ್ತು: ‘ತೂಬು, ಯಾವ ಚಕ್ರ ಮೊದಲು’. ನನ್ನ ಅಣ್ಣ ಫಕೀರಗೌಡ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ನನ್ನ ಬೆನ್ನ ಹಿಂದೆ ನಿಂತ. ಊರಿನ ಪ್ರೋಗ್ರಾಂಗಳನ್ನೆಲ್ಲ ಮುಚ್ಚಿಸಿದೆ. ನಿಮ್ಮ ಹರಟೆ, ಹಾಡು, ಹವಾಮಾನ ಸೇರಿ ಆರು ಪ್ರೋಗ್ರಾಂಗಳ ಮೂಲೆಯಲ್ಲಿದ್ದ ಗುಣಾಕಾರದ ಗುರುತು ಒತ್ತಿದೆ, ಅವು ಕಣ್ಮರೆಯಾದವು. ಆಮೇಲೆ ಟಿಪ್ಪಣಿ ತೆರೆದೆ. ಅದು ಮೊದಲು ನಮಗೆ ಶುಭೋದಯ ಹೇಳಿತು. ಕೈಬೀಸುವ ಬೊಂಬೆಯೊಂದು ಬಂದು, ಈ ಆವೃತ್ತಿಯಲ್ಲಿ ಹೊಸದೇನಿದೆ ಎಂದು ವಿವರಿಸಿತು. ಇಷ್ಟದ ಬಣ್ಣ ಆರಿಸಿಕೊಳ್ಳಿ ಎಂದಿತು. ಕೊನೆಗೆ ನಿಮ್ಮ ತಲೆಬರಹ ಕಂಡಿತು, ಅದರ ಕೆಳಗೆ ಒಂದು ಉಂಗುರ ತಿರುಗಿತು, ತಿರುಗಿತು, ಅಷ್ಟರಲ್ಲಿ ಕಸಬರಿಗೆ ಬಂತು. ಮೂರು ಸಲವೂ ಹೀಗೇ ಆಯಿತು. ಏರಿ ಬಿರುಕು ಬಿಟ್ಟಿದೆಯೆಂದು ಓಣಿಯಿಂದ ಸುದ್ದಿ ಬಂತು.

“ಇಷ್ಟ್ ದೊಡ್ಡ ಡಬ್ಬ್ಯಾಗ ನಾಕ್ ಸಾಲಿಗೆ ಜಾಗಾ ಇಲ್ಲೇನವಾ ತಂಗಿ?” ಅಂದ ಅಣ್ಣ. “ಇರ್ಲಿ ಬಿಡು. ಯಾವುದಾರ ಒಂದಕ್ಕ ಕೈ ಹಾಕ್ಬೇಕಲ್ಲ, ಎಡಗಡೀದ್ನ ತಿರುವ್ತೀನಿ.”

ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಬಾವಿಗಿಳಿದು ತಿರುವಿದ. ಕೆರೆಯ ನೀರು ಬಾವಿಗೆ ನುಗ್ಗಿತು, ಅದು ಹೊರಹೋಗಲು ದಾರಿ ಇರಲಿಲ್ಲ. ಎಳೆದವರ ಕೈಗೆ ಹಗ್ಗವಷ್ಟೇ ಬಂತು. ಊರವರು ಸಲಿಕೆ ಹಿಡಿದು ಕೋಡಿ ಕಡಿದು ಓಣಿಯನ್ನೇನೋ ಉಳಿಸಿಕೊಂಡರು.

ಒಂಬತ್ತನೆಯ ದಿನ ಮತ್ತೆ ಯಂತ್ರದ ಮುಂದೆ ಕೂತೆ. ಪರದೆಯ ತುದಿಯಲ್ಲಿ ಸಾಸಿವೆಯಷ್ಟು ಬಾಣವೊಂದಿತ್ತು. ಒತ್ತಿದರೆ, ನಾನು ಮುಚ್ಚಿದೆನೆಂದುಕೊಂಡ ಆರೂ ಪ್ರೋಗ್ರಾಂಗಳು ಅಲ್ಲಿ ಸಾಲಾಗಿ ಕೂತು ಕಣ ಮೇಯುತ್ತಿದ್ದವು. ನಮ್ಮಲ್ಲಿ ಯಂತ್ರದಿಂದ ಏಳುವವರು ‘ಕಣ ಬಿಟ್ಟೆ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಬಿಟ್ಟಿರಲೇಬೇಕು. ಮುಚ್ಚಿದ್ದು ಮುಚ್ಚಿರುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅದಕ್ಕಾಗಿ ದಿನವೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ. ಅಂಥ ಸುಳ್ಳು ಗುರುತು ಮಾಡಿಟ್ಟವರನ್ನು ಅದಕ್ಕಿಂತ ಹೆಚ್ಚು ಬೈಯುತ್ತೇನೆ.

ಆರನ್ನೂ ನಿಜವಾಗಿ ಮುಚ್ಚಿದ ಮೇಲೆ ನಿಮ್ಮ ಟಿಪ್ಪಣಿ ತೆರೆಯಿತು. ನಿಮ್ಮ ಹೆಸರು, 2026 ಆಗಸ್ಟ್ 11, ಮಧ್ಯಾಹ್ನ ಮೂರೂ ನಲವತ್ತು.

ಬಲಗಡೆ ಚಕ್ರ ಮೊದಲು.
ಅದು ನೀರು ಹೊರಗೆ ಹೋಗುವ ಬಾಗಿಲು.
ಎಡಗಡೆಯದು ಆಮೇಲೆ, ಮೊದಲು ತಿರುವಿದರೆ ಬಾವಿ ತುಂಬುತ್ತದೆ.
ನಾಳೆ ಇದನ್ನು ತೂಬಿನ ಗೋಡೆ ಮೇಲೆ ಪೇಂಟ್ ಮಾಡಿಸಬೇಕು.

ತೂಗಿ ನೋಡಿದೆ. ಅರ್ಧ ಕಿಲೋಬೈಟೂ ಇಲ್ಲ. ಆಮೇಲೆ ತೂಬಿಗೆ ಹೋಗಿ ಗೋಡೆಯ ಕಲ್ಲನ್ನು ಅಂಗೈಯಿಂದ ಉಜ್ಜಿ ನೋಡಿದೆ. ಯಾರೋ ಇಬ್ಬರು ಪ್ರೇಮಿಗಳು ಮೊಳೆಯಿಂದ ತಮ್ಮ ಹೆಸರು ಕೆತ್ತಿ, ಕೆಳಗೆ 2024 ಎಂದು ಬರೆದಿದ್ದಾರೆ. ಇವತ್ತಿಗೂ ಸ್ಪಷ್ಟವಾಗಿ ಓದಬಹುದು. ನಿಮ್ಮದು ಮಾತ್ರ ಇಲ್ಲ. ನನಗೆ ನಿಮ್ಮ ಮೇಲೆ ಬಂದಷ್ಟು ಸಿಟ್ಟು ಆ ನೀರಿನ ಮೇಲೂ ಬರಲಿಲ್ಲ.

ಈ ಪತ್ರವನ್ನು ನಿಮ್ಮ ಟಿಪ್ಪಣಿಯ ಕೆಳಗೇ ಬರೆಯುತ್ತಿದ್ದೇನೆ. ಊರು ನನಗಾಗಿ ಒಂದು ಮಧ್ಯಾಹ್ನದ ಕಣ ಬಿಟ್ಟುಕೊಟ್ಟಿದೆ. ಪ್ರತಿ ಸಾಲಿಗೂ ನಿಮ್ಮ ಪ್ರೋಗ್ರಾಂ ‘ಕಳುಹಿಸಲಾಗುತ್ತಿದೆ, ದಯವಿಟ್ಟು ಕಾಯಿರಿ’ ಎನ್ನುತ್ತದೆ. ಇನ್ನೂರಾ ಅರವತ್ತೆಂಟು ವರ್ಷದಿಂದ ಯಾರಿಗೆ ಕಳುಹಿಸುತ್ತಿದೆಯೋ ಗೊತ್ತಿಲ್ಲ. ನಿಮಗೇ ತಲುಪಿದರೆ, ನಿಮ್ಮಲ್ಲಿ ಇನ್ನೂ ಆಗಸ್ಟ್ ಹನ್ನೊಂದೇ ಆಗಿದ್ದರೆ, ನಾಳೆಗೆ ಬಿಡಬೇಡಿ ಸಾಹೇಬರೇ. ಯಂತ್ರ ಹ್ಯಾಂಗ್ ಆಗಿದ್ದರೆ ಆಗಿರಲಿ, ಎದ್ದು ಹೋಗಿ. ಪೇಂಟರ್ ಸಿಗದಿದ್ದರೆ ಒಂದು ಮೊಳೆ ಸಾಕು. ನಾಲ್ಕು ಸಾಲೂ ಬೇಡ, ‘ಬಲಗಡೆ ಮೊದಲು’ ಎಂದು ಎರಡೇ ಶಬ್ದ ಕೆತ್ತಿ. ನನ್ನ ಅಣ್ಣನಿಗೆ ಓದಲು ಬರುತ್ತಿತ್ತು.

ಕಣ ಬಿಟ್ಟೆ.

ಗುರುಬಸವ್ವ