ಗುಬ್ಬಿಯ ಗೆರೆ

ಮನೆ, ಮೂರನೆಯ ಮಹಡಿ
ನವೆಂಬರ್ ೯, ಭಾನುವಾರ

ನನ್ನ ಗುಬ್ಬಿಗೆ,

ಅಮ್ಮನ ನೂರು ಮುತ್ತು. ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಕೂತು ಮಾಡುವ ಕೆಲಸ, ಬೆನ್ನು ಎಷ್ಟೆಂದು ತಾಳೀತು? ಹೊತ್ತಿಗೆ ಸರಿಯಾಗಿ ಊಟ ಮಾಡು. ಹೆಗಲ ಮೇಲೆ ಕ್ಯಾಪ್ಟನ್ನಿನ ನಾಲ್ಕು ಪಟ್ಟಿ ಬಂದರೂ ಇನ್ನೂ ಗುಬ್ಬಿ ಎನ್ನುತ್ತೀಯಲ್ಲ ಎಂದು ಸಿಡುಕಬೇಡ. ಗೋಡೆ ಹತ್ತಿ ಹಾರಿ ಎರಡು ಸಲ ಕೈ ಮುರಿದುಕೊಂಡವನಿಗೆ ಬೇರೆ ಏನೆಂದು ಹೆಸರಿಡಲಿ? ನಾನು ಚೆನ್ನಾಗಿದ್ದೇನೆ. ಮಂಡಿ ಮೆಟ್ಟಿಲಿಗೆ ಒಪ್ಪುವುದಿಲ್ಲ, ಹಾಗಾಗಿ ಬಾಲ್ಕನಿಯೇ ನನ್ನ ಪೇಟೆ, ನನ್ನ ಪ್ರಪಂಚ. ಕಣ್ಣಿನ ಪೊರೆ ಇನ್ನೂ ಹಣ್ಣಾಗಿಲ್ಲ, ಕಾಯಬೇಕು ಎಂದರು ಡಾಕ್ಟರು. ಹಣ್ಣಾಗಲು ಅದೇನು ಮರದಲ್ಲಿ ತೂಗುತ್ತಿದೆಯೇ ಎಂದು ಕೇಳಿದೆ, ಪುಣ್ಯಾತ್ಮ ನಗಲಿಲ್ಲ. ಫೋನ್ ಮಾಡಿದರೆ ನೀನು "ಆಮೇಲೆ ಮಾಡ್ತೀನಮ್ಮ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಕಾಗದ ಹಿಡಿದಿದ್ದೇನೆ, ಇದರ ನಡುವೆ ಬಾಯಿ ಹಾಕಲು ನಿನ್ನಿಂದ ಆಗದು.

ನಿನ್ನ ಸಂಜೆಯ ವಿಮಾನ ನಮ್ಮ ಮನೆಯ ಮೇಲೇ ಹೋಗುತ್ತದೆಂದು ನೀನು ಹೇಳಿದ ದಿನದಿಂದ ನನಗೆ ಸಂಜೆ ಎಂದರೆ ಅದೇ. ಎದುರು ಕಟ್ಟಡದ ನೀರಿನ ತೊಟ್ಟಿಯ ಹಿಂದಿನಿಂದ ನಿನ್ನ ವಿಮಾನ ಬಿಟ್ಟುಹೋಗುವ ಬಿಳಿ ಗೆರೆ ಹೊರಡುತ್ತದೆ. ಬೀದಿಯಲ್ಲಿ ದೀಪ ಹತ್ತಿದ ಮೇಲೂ ಅದೊಂದಕ್ಕೆ ಮಾತ್ರ ಇನ್ನೂ ಬಿಸಿಲು. ವಿಮಾನ ಈಗ ನನ್ನ ಕಣ್ಣಿಗೆ ಕಾಣುವುದಿಲ್ಲ, ಗೆರೆ ಕಾಣುತ್ತದೆ. "ಅದೋ ಹೋದ" ಎಂದು ಗಟ್ಟಿಯಾಗಿ ಹೇಳಿ ಒಳಗೆ ಬರುತ್ತೇನೆ, ಕೇಳಲು ಯಾರೂ ಇಲ್ಲದಿದ್ದರೂ. ಗೆರೆ ಮೂಡದ ದಿನ ಜ್ವರವೇ, ರಜೆಯೇ, ಇನ್ನೇನಾದರೂ ಆಯಿತೇ ಎಂದು ಊಟ ಸೇರುತ್ತಿರಲಿಲ್ಲ. ಅಂಥ ದಿನಗಳಲ್ಲೂ ನೀನು ತಲೆಯ ಮೇಲೇ ಹೋಗಿರುತ್ತಿದ್ದೆಯಂತೆ. ಗಾಳಿ ಒಣಗಿತ್ತು, ಅಷ್ಟೇ. ಇದನ್ನು ನನಗೆ ಹೇಳಿದವಳು ನಿನ್ನಕ್ಕ. ಅವಳ ಹೆಸರೆತ್ತಿದೆನೆಂದು ಕಾಗದ ಮಡಚಿಡಬೇಡ, ಮುಂದೆ ಓದು.

ಹೋದ ವಾರ ಅವಳು ನನ್ನನ್ನು ಕೈಹಿಡಿದು ಮೆಟ್ಟಿಲಿಳಿಸಿ ತನ್ನ ಆಫೀಸಿಗೆ ಕರೆದುಕೊಂಡು ಹೋದಳು. ಇಷ್ಟು ವರ್ಷ ವಾತಾವರಣ, ವಾತಾವರಣ ಎಂದು ಓಡಾಡುವವಳು ಅಲ್ಲಿ ಏನು ಮಾಡುತ್ತಾಳೆಂದು ನಾನು ನೋಡಿರಲೇ ಇಲ್ಲ. ಫ್ರಿಜ್ಜಿನೊಳಗೆ ಕೂತ ಹಾಗಿರುವ ಕೋಣೆ, ಗೋಡೆಯ ತುಂಬ ಪರದೆಗಳು, ಎಲ್ಲರ ಮೇಜಿನ ಮೇಲೂ ಕುಡಿಯಲು ಮರೆತ ಕಾಫಿ. ನನ್ನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ ಉಪಗ್ರಹ ತೆಗೆದ ಚಿತ್ರವನ್ನು ದೊಡ್ಡದು ಮಾಡಿದಳು. ಒಂದು ಬಿಳಿ ಕೂದಲೆಳೆ. "ಇದು ತಮ್ಮನ ಗೆರೆ ಅಮ್ಮ. ಅವತ್ತು ನೀನು ಬಾಲ್ಕನಿಯಿಂದ ನೋಡಿದ್ದೇ ಇದು" ಎಂದಳು. ಮುಂದಿನ ಚಿತ್ರದಲ್ಲಿ ಎಳೆ ಪಟ್ಟಿಯಾಗಿತ್ತು, ಅದರ ಮುಂದಿನದರಲ್ಲಿ ಚಾದರದಷ್ಟು ಅಗಲ. ಬೆಳಗಾಗುವ ಮೊದಲು ನಮ್ಮ ಊರು, ಪಕ್ಕದ ಊರು, ನದಿ ಎಲ್ಲ ಅದರ ಅಡಿಯಲ್ಲಿ. ನಾನು ಒಳಗೆ ಹೋಗಿ ಮಲಗಿದ ಮೇಲೂ ಅದು ಅಲ್ಲೇ ಇತ್ತು. ಆಗ ನಾನು ಏನು ಮಾಡಿದೆ ಗೊತ್ತೇ? ಚಪ್ಪಾಳೆ ತಟ್ಟಿದೆ. "ನಮ್ಮ ಗುಬ್ಬಿ ಎಳೆದಿದ್ದು ಇಷ್ಟು ದೊಡ್ಡದಾ!" ಎಂದೆ. ಹೆತ್ತವರಿಗೆ ಹೆಗ್ಗಣ ಮುದ್ದು, ಏನು ಮಾಡಲಿ. ಅಕ್ಕಪಕ್ಕದವರು ನಕ್ಕರು. ನಿನ್ನಕ್ಕ ನಗಲಿಲ್ಲ. ಅವಳ ಮುಖ ನೋಡಿ ನನ್ನ ಕೈ ತಾನಾಗಿ ಮಡಿಲಿಗೆ ಇಳಿಯಿತು.

ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ನಾನು ಇಸ್ತ್ರಿ ಮಾಡುವಾಗ ನೀವಿಬ್ಬರೂ ಬುಟ್ಟಿಗಳ ನಡುವೆ ಕೂತು ಓದಿಕೊಳ್ಳುತ್ತಿದ್ದಿರಲ್ಲ, ಒಣ ದಿನ ಆವಿ ಎದ್ದಲ್ಲೇ ಮಾಯ, ಥಂಡಿ ದಿನ ಕೋಣೆಯಲ್ಲೇ ನಿಂತು ಕಿಟಕಿಯೆಲ್ಲ ಮಂಕು. ಮೇಲೂ ಹಾಗೆಯೇ ಅಂತೆ. ಕೆಲವು ಎತ್ತರದಲ್ಲಿ ಗಾಳಿ ಬಹಳ ತಣ್ಣಗೆ, ಬಹಳ ತೇವ. ಅಲ್ಲಿ ಇಂಜಿನ್ನಿನ ಆವಿ ಹಿಮದ ಪುಡಿಯಾಗಿ ಹರಡಿ ನಿಲ್ಲುತ್ತದೆ. ಹಗಲಾದರೆ ಆ ಮೋಡ ಒಂದಿಷ್ಟು ಬಿಸಿಲನ್ನಾದರೂ ತಡೆದೀತು. ರಾತ್ರಿ ತಡೆಯಲು ಬಿಸಿಲೆಲ್ಲಿದೆ? ಭೂಮಿ ಹೊರಬಿಡುವ ಕಾವನ್ನು ಮೇಲೆ ಹೋಗಗೊಡುವುದಿಲ್ಲ. ಜ್ವರ ಬಂದ ಮಗುವಿಗೆ ಮೇಲೊಂದು ಕಂಬಳಿ ಹೊದಿಸಿದ ಹಾಗೆ. ಎಲ್ಲ ವಿಮಾನಗಳೂ ಹೀಗೆ ಮಾಡುವುದಿಲ್ಲ, ಕೆಲವೇ ಕೆಲವು. ಅಂಥ ದಿನ ಎರಡು ಸಾವಿರ ಅಡಿ ಕೆಳಗೆ ಹಾರಿದರೆ ಗೆರೆ ಹುಟ್ಟುವುದೇ ಇಲ್ಲ. "ಇಂಧನದ ಹೊಗೆನ ಇವತ್ತಿಗಿವತ್ತೇ ನಿಲ್ಲಿಸೋಕಾಗಲ್ಲ ಅಮ್ಮ, ಗೆರೆನ ನಿಲ್ಲಿಸಬಹುದು" ಎಂದಳು. ಇವತ್ತು ಕೆಳಗೆ ಹಾರಿ ಎಂದು ಹೊರಡುವ ಮೊದಲು ನಿನಗೆ ಬರುವ ಸಂದೇಶ ಅವಳ ಆ ಕೋಣೆಯಿಂದಲೇ ಬರುವುದು. ಒಪ್ಪುವುದು ಬಿಡುವುದು ಕ್ಯಾಪ್ಟನ್ನಿನ ಇಷ್ಟ. ನೀನು ಪ್ರತಿ ಸಲವೂ ಬೇಡ ಎಂದಿದ್ದೀ.

ನಿನ್ನ ಕಡೆಗೂ ನ್ಯಾಯವಿದೆ, ಇಲ್ಲ ಎನ್ನುವುದಿಲ್ಲ. ಕೆಳಗಿಳಿದರೆ ಇಂಧನ ಒಂದಿಷ್ಟು ಹೆಚ್ಚು, ಕೆಲವೊಮ್ಮೆ ಕುಲುಕಾಟ, ಹಿಂದೆ ಕೂತವರ ಜೀವವೆಲ್ಲ ನಿನ್ನ ಕೈಯಲ್ಲಿ. ಅದೆಲ್ಲಕ್ಕಿಂತ ಹೆಚ್ಚಾಗಿ, ಪೈಲಟ್‌ಗಳು ತುಂಬಿದ ಸಭೆಯಲ್ಲಿ ಅವಳು ನಿನ್ನ ವಿಮಾನದ ಗೆರೆಯನ್ನೇ ಎತ್ತಿ ತೋರಿಸಿದಳು, ಜೊತೆಯವರು ಆಡಿಕೊಂಡರು. ಅದು ನನಗೂ ನೋವೇ. ಅಂದು ನಮ್ಮ ಊಟದ ಮೇಜಿನ ಮುಂದೆ ನೀನು "ಹಾಗಾದ್ರೆ ನಾನು ಇಷ್ಟು ವರ್ಷ ಮಾಡಿದ್ದು ಪಾಪದ ಕೆಲಸಾನಾ?" ಎಂದೆ. "ಪಾಪ ಪುಣ್ಯದ ಲೆಕ್ಕ ನಂದಲ್ಲ ಕಣೋ, ತೇವಾಂಶದ ಲೆಕ್ಕ ನಂದು" ಎಂದಳು ಅವಳು. ಅವಳು ಏತಿ ಎಂದರೆ ನೀನು ಪ್ರೇತಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ನಾನು ಇಬ್ಬರಿಗೂ ಸಮಾಧಾನ ಹೇಳಿದೆ. ನೀನು ತಟ್ಟೆ ಬಿಟ್ಟು ಎದ್ದು ಹೋದವನು ಮತ್ತೆ ಈ ಮೆಟ್ಟಿಲು ಹತ್ತಿಲ್ಲ.

ಅವಳು ನಿನ್ನ ಗೆರೆಯನ್ನು ಆರಿಸಿಕೊಂಡದ್ದು ಹಗೆಯಿಂದಲ್ಲ ಮಗನೇ. ಅವಳಿಗೆ ಚೆನ್ನಾಗಿ ಗೊತ್ತಿದ್ದ ಗೆರೆ ಅದೊಂದೇ. ನನ್ನ ಪಕ್ಕ ಕೂತು ಎಷ್ಟೋ ಸಂಜೆ ನೋಡಿದ್ದಾಳೆ. "ಕೆಲವು ದಿನ ಯಾಕಮ್ಮ ಇದು ಅಳಿಸಿಹೋಗೋದೇ ಇಲ್ಲ?" ಎಂದು ಅವಳು ಕೇಳಿದ್ದು ಇದೇ ಬಾಲ್ಕನಿಯಲ್ಲಿ. ಅವಳ ಈ ಸಂಶೋಧನೆಯೆಲ್ಲ ಅಲ್ಲಿಂದಲೇ ಶುರುವಾದದ್ದು. ವಿಮಾನಗಳನ್ನು ಕೆಳಗೆ ಹಾರಿಸಿ ನೋಡುವ ಅವಳ ಪ್ರಯೋಗ ಈ ತಿಂಗಳು ಕಳೆದರೆ ಮುಗಿಯಿತು. ಆ ದಾರಿಯಲ್ಲಿ ಹಾರುವವರಿಗೆಲ್ಲ ಹಿರಿಯ ನೀನು. "ಸ್ವಂತ ತಮ್ಮನೇ ಒಪ್ಪಲಿಲ್ಲ, ನಾವ್ಯಾಕೆ ಒಪ್ಪಬೇಕು" ಎನ್ನುತ್ತಾರಂತೆ ಕಿರಿಯರು. ಹೀಗೇ ಆದರೆ ಅವಳ ಕೆಲಸ ಕಪಾಟು ಸೇರುತ್ತದೆ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ಜೊತೆಗೆ ಕೆಲಸ ಮಾಡುವ ಹುಡುಗಿ ಲಿಫ್ಟಿನಲ್ಲಿ ಹೇಳಿದಳು. ನಿನ್ನಕ್ಕ ಸತ್ತರೂ ನಿನ್ನನ್ನು ಕೇಳುವವಳಲ್ಲ. ನೀನೂ ಸೋಲುವವನಲ್ಲ. ಇಬ್ಬರಿಗೂ ಕತ್ತೆತ್ತಿ ಆಕಾಶ ತೋರಿಸಿದವಳು ನಾನೇ, ಈಗ ಅದೇ ಆಕಾಶಕ್ಕೆ ನೀವು ಜಗಳವಾಡಿದರೆ ನಾನು ಯಾರ ಕಡೆ ನಿಲ್ಲಲಿ?

ನಿನ್ನ ಹೆಂಡತಿಗೆ ಕೇಳಿದೆನೆಂದು ಹೇಳು, ಮಕ್ಕಳ ಕೆನ್ನೆ ನನ್ನ ಪರವಾಗಿ ಚಿವುಟು. ಏರಿದಷ್ಟು ಸಲವೂ ಸುಖವಾಗಿ ಇಳಿ, ಈ ಮುದುಕಿಯ ಹಾರೈಕೆ ಅದೊಂದೇ.

ನಿನ್ನ
ಅಮ್ಮ

ತಾ.ಕ.: ಪಕ್ಕದ ಮನೆಯವರು ಅಂಚೆಗೆ ಹಾಕುತ್ತೇನೆಂದು ಬಾಗಿಲಲ್ಲಿ ನಿಂತಿದ್ದಾರೆ, ನಾನು ಕೇಳಬೇಕಾದದ್ದನ್ನೇ ಕೇಳಿಲ್ಲ. ಇದು ನಿನ್ನ ಕೈ ಸೇರುವ ಹೊತ್ತಿಗೆ ಮೇಲೆ ತೇವದ ದಿನಗಳು ಬರುತ್ತವಂತೆ, ಸಂದೇಶವೂ ಬರುತ್ತದೆ. ಈ ಸಲ ಒಪ್ಪಿಕೋ. ಗೆರೆ ಇಲ್ಲದಿದ್ದರೆ ನನಗೆ ನಿನ್ನದೇನೂ ಕಾಣುವುದಿಲ್ಲ, ನಿಜ. ಆದರೂ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಲ್ಕನಿಯಲ್ಲೇ ಇರುತ್ತೇನೆ. ಆಕಾಶ ಖಾಲಿ ಇದ್ದರೆ "ಅದೋ ಹೋದ" ಎನ್ನುತ್ತೇನೆ. ಎರಡು ಸಾವಿರ ಅಡಿ ಕೆಳಗೆ ಎಂದರೆ ನನಗೆ ಅಷ್ಟು ಹತ್ತಿರ ಬಂದ ಹಾಗೆ ತಾನೇ?