ಅಕ್ಷರಗುಂಡಿನ ಬಗಲಿಗೆ ಗಾಜಿನ ಮನಿ

ಮಸ್ಕಿ
೧೨ ಫೆಬ್ರುವರಿ ೨೦೨೫

ಮಗಳು ಶಿವಗಂಗಾಗ,

ನಿಮ್ಮಪ್ಪನ ಆಶೀರ್ವಾದ. ನಾವಿಬ್ಬರೂ ಆರಾಮ ಅದೀವಿ. ನಿಮ್ಮವ್ವ "ನನ್ನ ಮಗಳು ಕಲಬುರಗ್ಯಾಗ ಆರ್ಕಿಟೆಕ್ಟ್" ಅಂತ ಓಣಿ ತುಂಬ ಹೇಳಿಕೋತ ಅಡ್ಡಾಡ್ತಾಳ. ನೀ ಎರಡು ಸಲ ಫೋನ್ ಮಾಡಿದಿ, ನಾ ಎತ್ತಲಿಲ್ಲ. ಸಿಟ್ಟಾಗಬ್ಯಾಡ. ಬಾಯಿಲೆ ಹೇಳಾಕ ಆಗದ್ದು ಇತ್ತು, ಅದಕ್ಕ ತಡಾಗಿ ಬರಿಯಾಕತ್ತೀನಿ.

ಗುಡ್ಡದಾಗಿನ ಅಕ್ಷರ ಕೊರೆದ ಬಂಡೆಗಲ್ಲು, ನಮ್ಮ ಅಕ್ಷರಗುಂಡಿನ ಬಗಲಿಗೆ ಗಾಜಿನ ಮನಿ ಎದ್ದೈತಿ, ಶಾಸನ ನೋಡಾಕ ಬಂದವರಿಗಂತ. ಇಪ್ಪತ್ತಾರು ವರ್ಷ ಆ ಗುಡ್ಡ ಕಾಯ್ದೀನಿ. ಈಗ ಅತ್ತ ನೋಡಿದ್ರ ಹೇಸಿಕಿ ಬರತೈತಿ. ಒಳಗ ಆ ಗುಂಡಿನಂಗ ಒಂದು ಪ್ಲಾಸ್ಟಿಕ್ ಗುಂಡು ಮಾಡಿಟ್ಟಾರ, ಮ್ಯಾಲೆ ನೀಲಿ ಲೈಟು. ಮಂದಿ ಅದರ ಮುಂದ ಫೋಟೊ ತಕ್ಕೊಂಡು ಹೊಳ್ಳಿ ಹೋಗ್ತಾರ. ಎರಡು ಸಾವಿರ ವರ್ಷದ ಖರೇ ಅಕ್ಷರ ಹತ್ತು ಹೆಜ್ಜಿ ಆಚೆ ಐತಿ, ಯಾರಿಗೂ ಬ್ಯಾಡ. ಪಾಯ ತೆಗಿಯೋ ಮುಂದ ಹಳೇ ಗೋರಿ ಸುತ್ತಲಿನ ದುಂಡಗಿನ ಕಲ್ಲಸಾಲು ಜೆಸಿಬಿ ಎತ್ತಿ ಒಗೀತು. ಅವೇ ಕಲ್ಲು ಒಡೆದು ಗಾಡಿ ನಿಲ್ಲಿಸೋ ಜಾಗಕ್ಕ ಹಾಸ್ಯಾರ.

ಅದನ್ನೂ ನುಂಗಿಕೊಂಡಿದ್ದೆ. ಹೋದ ವಾರ ಗಾಜಿನ ಮನಿ ಪಾಯಖಾನಿ ಚಾಲೂ ಮಾಡಿದ್ರು. ಮರುದಿನ ಕಸ ಹೊಡಿಯೋ ಕರೆಮ್ಮ ಸೆರಗಿಲೆ ಮೂಗು ಮುಚ್ಕೊಂಡು ಬಂದು ಕರದ್ಲು. ಹೊಲಸು ನೀರು ನೆಟ್ಟಗ ಗುಂಡಿನ ಬುಡಕ್ಕ ಹರಿದು ನಿಂತಿತ್ತು. ಕೆಳಗಿನ ಸಾಲಿನ ಅಕ್ಷರ ತೊಯ್ದಿದ್ದವು. ನಾನೂ ಆಕಿನೂ ಹಾರೆ, ಸಲಿಕಿ ಹಿಡಿದು ಎರಡು ದಿನ ಕಾಲುವಿ ತೋಡಿ ನೀರು ಬ್ಯಾರೆ ಕಡೆ ತಿರುವಿದ್ವಿ. ಎಷ್ಟು ತೊಳೆದ್ರೂ ಕೈಯಾಗಿನ ವಾಸನಿ ಹೋಗಲಿಲ್ಲ. ಊಟ ಸೇರಲಿಲ್ಲ.

ಆಮ್ಯಾಲೆ ಲಿಂಗಸುಗೂರಿಗೆ ಹೋಗಿ ಕಟ್ಟಿಸಿದ ಇಂಜಿನಿಯರನ್ನ ಕೇಳಿದೆ. ನಕ್ಷಾದಾಗ ಹೆಂಗೈತೋ ಹಂಗ ಪೈಪು ಹಾಕೀವಿ, ನಮ್ಮದೇನು ತಪ್ಪು ಅಂದ. ನನಗ ತಡಕೊಳ್ಳಾಕ ಆಗಲಿಲ್ಲ. ಈ ಗುಡ್ಡ ಜನ್ಮದಾಗ ಕಾಣದವರು ಯಾರೋ ಎಲ್ಲೋ ಕುಂತು ಗೆರಿ ಎಳೆದಾರ, ಅವರಿಗೆ ಕಲ್ಲೂ ಒಂದೇ ಕಕ್ಕಸೂ ಒಂದೇ ಅಂತ ಬಾಯಿಗೆ ಬಂದಂಗ ಬೈದೆ. ಆಫೀಸಿನ ಮಂದಿಯೆಲ್ಲ ನಿಂತು ಕೇಳಿದ್ರು.

ನಿಮ್ಮವ್ವ ಸಜ್ಜಿರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸ್ಯಾಳ. ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನ್ನ ತಣ್ಣಗಿಟ್ಟಿರಲಿ.

ನಿಮ್ಮಪ್ಪ,
ಆದೆಪ್ಪ

ತಾ.ಕ.: ಬೈದು ಮುಗಿಸಿದ ಮ್ಯಾಲೆ ಆ ಇಂಜಿನಿಯರ್ ನಕ್ಷಾ ನನ್ನ ಕಡೆ ತಿರುವಿದ. ನಿಮ್ಮ ಆಫೀಸಿನ ಶಿಕ್ಕಾ ಒತ್ತಿತ್ತು, ಕೆಳಗ ನಿನ್ನ ಸಹಿ. "ಈಕಿ ನಿಮ್ಮ ಮಸ್ಕಿಯವಳೇ ಅಂತಲ್ಲ, ಗೊತ್ತೇನು ನಿಮಗ?" ಅಂತ ಕೇಳಿದ.

ಗೊತ್ತಿಲ್ಲ ಅಂದೆ.